ಮೇಲೆ ಮೋಟಾರು, ಕೆಳಗೆ ಬಾಬಾಗಾಡಿ

ಬಸ್ಸು ಹತ್ತುವ ಮೊದಲು ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡುವ ಚಾಳಿ ನನಗಿದೆ. ನೋಡಿದರೆ ನನಗೇನೂ ತಿಳಿಯುವುದಿಲ್ಲ. ಭಾರಕ್ಕೆ ಬಾಗಿ ಏಳುವ ಆ ಕಬ್ಬಿಣದ ಕಮಾನುಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ, ಮಣ್ಣು ಮೆತ್ತಿರುತ್ತದೆ, ಎಣ್ಣೆ ಜಿನುಗುತ್ತಿರುತ್ತದೆ. ಅವು ಸರಿಯಾಗಿವೆಯೋ ಇಲ್ಲವೋ ಹೇಳುವ ವಿದ್ಯೆ ನನ್ನಲ್ಲಿಲ್ಲ. ಆದರೂ ನೋಡದೆ ಹತ್ತಿದರೆ ದಾರಿಯುದ್ದಕ್ಕೂ ಜೀವಕ್ಕೆ ಸಮಾಧಾನವಿರುವುದಿಲ್ಲ. ಹೋದ ವಾರ ಗೋಕಾಕದ ಸ್ಟ್ಯಾಂಡಿನಲ್ಲಿ ಊರಿಗೆ ಹೋಗುವ ಮೂಡಲಗಿಯ ಬಸ್ಸಿಗೆ ಹೀಗೇ ಬಗ್ಗಿದ್ದೆ. ಕಂಡಕ್ಟರ್ ನನ್ನ ಪಕ್ಕಕ್ಕೇ ಬಂದು ತಾನೂ ಬಗ್ಗಿದ.

"ಏನ್ರಿ ಮಾಸ್ತರ್ರ, ಚಪ್ಪಲಿ ಬಿತ್ತೇನ್ರಿ?"

"ಇಲ್ಲಪಾ, ಸುಮ್ನ ನೋಡಾಕತ್ತೇನಿ. ಕಮಾನು ಗಟ್ಟಿ ಅದಾವಿಲ್ಲೊ?"

"ಅದನ್ನ ಕಲ್ಲೋಳಿ ದಾಟೂದ್ರಾಗ ನಿಮ್ಮ ಸೊಂಟಾನ ಹೇಳತೈತಿ. ಹತ್ತರಿ ಮ್ಯಾಲ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇದ್ದರೆ ಇನ್ನೂ ಹೆಚ್ಚು ನಗುತ್ತಾರೆ ಎಂಬುದು ನನ್ನ ಅನುಭವ. ಆದರೆ ಕಿಟಕಿಯ ಪಕ್ಕ ಕೂತ ಮೇಲೆ ಈ ಚಾಳಿ ಎಲ್ಲಿಂದ ಅಂಟಿತು ಎಂದು ಯೋಚಿಸುತ್ತ ಹೋದೆ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಮೋಟಾರು ಬಂದಾಗಿನಿಂದ ಎಂದು ನನ್ನ ನೆನಪು ಹೇಳುತ್ತದೆ. ನೆನಪು ಹೇಳುತ್ತದೆ ಎಂದೆ; ಅದು ಖರೆ ಎಂದು ಹೇಳಲಿಲ್ಲ. ನಾನು ದಿನಚರಿ ಬರೆಯುವವನು. ಆದರೆ ಆ ದಿನಗಳ ಪುಟಗಳನ್ನು ತೆಗೆದರೆ ಬಿಸಿಲು ಹೆಚ್ಚು, ಬಸ್ಸು ತಡ ಎಂಬ ಎರಡು ಮಾತು ಬಿಟ್ಟು ಏನೂ ಇಲ್ಲ. ಹೆದರಿಕೆಯಲ್ಲಿದ್ದಾಗ ನನ್ನ ಕೈ ಬರೆಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದಕ್ಕೆ ನಾನೊಬ್ಬನೇ ಸಾಕ್ಷಿ, ಅದೂ ಅಷ್ಟೇನೂ ನಂಬಿಕೆಗೆ ಅರ್ಹನಲ್ಲದ ಸಾಕ್ಷಿ.

ಮೋಟಾರು ಎಂದರೆ ನೀವು ನಮ್ಮನ್ನು ಸಾವಕಾರರೆಂದು ತಿಳಿಯಬೇಡಿ. ಅದು ಕಟ್ಟಿಗೆಯದು. ನನ್ನ ತಂಗಿ ಪದ್ಮಾಳಿಗಾಗಿ ಗೋಕಾಕದ ಗೊಂಬೆ ಮಾಡುವವರು ಮಾಡಿದ್ದು.

ಪದ್ಮಾ ಕೂಸಾಗಿದ್ದಾಗ ಜ್ವರ ಬಂದು ಎರಡೂ ಕಾಲು ಸೋತಿದ್ದವು. ಗೋಡೆ ಹಿಡಿದು, ಇಲ್ಲವೇ ಕೋಲೂರಿ, ಪಡಸಾಲೆಯಿಂದ ಅಡಿಗೆ ಮನೆಯವರೆಗೆ ಹೋಗುವಳು. ಅಷ್ಟಕ್ಕೇ ಹಣೆ ಬೆವರುವುದು. ಸಣ್ಣ ಸಾಲಿ ನಮ್ಮ ಓಣಿಯಲ್ಲೇ ಇತ್ತು. ಕಾಲೇಜಿನ ರಜೆ ಇದ್ದಾಗ ನಾನು, ಇಲ್ಲದಾಗ ಅವ್ವ ಅವಳನ್ನು ಬೆನ್ನ ಮೇಲೆ ಹೊತ್ತು ಬಿಟ್ಟು ಬರುತ್ತಿದ್ದೆವು. ಆದರೆ ಮುಂದಿನ ಇಯತ್ತೆಯ ಸಾಲಿ ಊರಿನ ಆಚೆ ತುದಿಗೆ, ಕಲ್ಲುದಾರಿಯ ಇಳಕಲಿನ ಕೆಳಗೆ ಇತ್ತು. ನಾನು ಬಿ.ಎ. ಮುಗಿಸಿ ಗೋಕಾಕದಲ್ಲಿ ಮಾಸ್ತರಿಕೆ ಹಿಡಿದಿದ್ದೆ. ಬೆಳಗಿನ ಬಸ್ಸಿಗೇ ಹೊರಡಬೇಕು. ಅವ್ವನ ಸೊಂಟ ಮೊದಲಿನಂತೆ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯ, ಪದ್ಮಾ ಈಗ ಯಾರ ಬೆನ್ನನ್ನೂ ಏರಲು ಒಲ್ಲೆ ಎನ್ನುತ್ತಿದ್ದಳು. ಬಾವಿಗೆ ಹೋಗುವ ಹುಡುಗಿಯರು ಒಮ್ಮೆ ನಕ್ಕರಂತೆ. "ನಾ ಚೀಲ ಅಲ್ಲ. ನನ್ನ ಯಾರೂ ಎತ್ತೂದು ಬ್ಯಾಡ" ಎಂದು ಆವತ್ತೇ ಹೇಳಿಬಿಟ್ಟಳು.

"ಹಂಗಾರ ಸಾಲಿ ಬಿಡು. ಓದಾಕ ಬರಿಯಾಕ ಬಂತಲ್ಲ, ಸಾಕು" ಎಂದಳು ಅವ್ವ.

ಅಪ್ಪ ಅಂಗಡಿಯ ಗಾದಿ ಬಿಟ್ಟು ಏಳುವವರಲ್ಲ. ಅಲ್ಲಿಂದಲೇ ನನಗೆ ಹೇಳಿದರು: "ನೀ ಕಲಿತಾಂವ. ನೀ ನೋಡು."

ಸಾಲಿ ಶುರುವಾಗುವುದು ಮಳೆಗಾಲದ ಬಾಯಿಗೆ. ಅಷ್ಟರೊಳಗೆ ಅವಳು ತಾನೇ ಹತ್ತಿ, ತಾನೇ ನಡೆಸಿಕೊಂಡು ಹೋಗುವ ಗಾಡಿಯೊಂದು ಆಗಬೇಕು, ಇಲ್ಲದಿದ್ದರೆ ಅವಳ ಓದು ಅಲ್ಲಿಗೆ ನಿಂತಿತು. ಇತಿಹಾಸ ಓದಿದ ನನಗೆ ರಾಜರ ರಥಗಳ ವಿಷಯ ಒಂದಿಷ್ಟು ಗೊತ್ತಿತ್ತು. ಅದು ಉಪಯೋಗಕ್ಕೆ ಬರಲಿಲ್ಲ.

ಯಾವ ತರಹದ ಗಾಡಿ ಎಂಬುದನ್ನು ಅವಳು ಮೊದಲೇ ನಿಶ್ಚಯಿಸಿದ್ದಳು. ಹಿಂದಿನ ವರ್ಷ ಗೋಕಾಕ ಫಾಲ್ಸಿನಲ್ಲಿ ನೀರು ತುಂಬಿ ಬಿದ್ದಾಗ ನೋಡಲು ಹೋಗಿದ್ದೆವು. ಅಲ್ಲಿ ಯಾರೋ ದೊಡ್ಡ ಮಂದಿಯ ಮೋಟಾರೊಂದು ನಿಂತಿತ್ತು. ಇಬ್ಬರೇ ಕೂರುವಂಥದು, ಮೇಲೆ ಮುಚ್ಚಿಗೆಯಿಲ್ಲ, ನೆಲಕ್ಕೆ ಹತ್ತಿದಂತೆ ಗಿಡ್ಡ, ಮೂಗು ಮಾತ್ರ ಉದ್ದ. ಪಂದ್ಯದಲ್ಲಿ ಓಡಿಸುವ ಮೋಟಾರು ಎಂದು ಯಾರೋ ಹೇಳಿದರು. ಎಲ್ಲರೂ ನೀರು ನೋಡುತ್ತಿದ್ದರೆ ನನ್ನ ಬೆನ್ನ ಮೇಲಿದ್ದವಳು ಕುತ್ತಿಗೆ ತಿರುಗಿಸಿ ಅದನ್ನೇ ನೋಡುತ್ತಿದ್ದಳು. ಅದು ಕೆಂಪಗಿತ್ತು ಎಂದು ನನ್ನ ನೆನಪು. ಹಸಿರಿತ್ತು ಎಂದು ಅವಳದು. ಈ ಜಗಳ ಇವತ್ತಿಗೂ ಮುಗಿದಿಲ್ಲ.

"ಅಂಥಾದ್ದ ಬೇಕು" ಎಂದಳು.

"ಮ್ಯಾಲ ಒಂದು ಛತ್ತ ಹಾಕಿಸು ತಮ್ಮಾ" ಎಂದಳು ಅವ್ವ ನನಗೆ. "ಹೆಣ್ಣುಹುಡುಗಿ. ಬಯಲಾಗ ಕುಂತು ಊರ ಮಂದಿ ಮುಂದ ಹಾದು ಹೋಗೂದು ಚಂದೇನು? ನಾಳೆ ಬೀಗರು ಬರೂ ಮನಿ."

"ಛತ್ತ ಹಾಕಿದ್ರ ಅದು ಮೋಟಾರ ಅಲ್ಲವ್ವಾ, ಮೇಣೆ. ಮೇಣೆ ಹೊರಾಕ ಮತ್ತ ನಾಕ ಮಂದಿ ಬೇಕು" ಎಂದಳು ಪದ್ಮಾ.

ಗೋಕಾಕದ ಗೊಂಬೆಗಳನ್ನು ನೀವು ನೋಡಿದ್ದೀರಿ. ಹಗುರವಾದ ಕಟ್ಟಿಗೆ ಕೆತ್ತಿ, ಅದರ ಮೇಲೆ ಹುಣಸೆ ಬೀಜದ ಸರಿಯಲ್ಲಿ ಅರಿವೆ ಅಂಟಿಸಿ, ಬಿಳಿ ಮಣ್ಣು ಬಳಿದು, ನಯ ಮಾಡಿ ಬಣ್ಣ ಹಾಕುತ್ತಾರೆ. ನಮ್ಮ ಮನೆಯ ಮಾಡದಲ್ಲಿ ಅಂಥ ಹಣ್ಣಿನ ಬುಟ್ಟಿಯೊಂದು ಇತ್ತು. ಒಮ್ಮೆ ದೂರದ ನೆಂಟರೊಬ್ಬರು ಯಾರೂ ಇಲ್ಲದಾಗ ಪೇರಲ ಹಣ್ಣೊಂದನ್ನು ಕಚ್ಚಿದ್ದರು. ನಾವು ಬಂದಾಗ ಬಾಯಿ ಒರೆಸಿಕೊಂಡು "ಹಣ್ಣು ಇನ್ನೂ ಕಾಯಿ ಐತಿ" ಎಂದರು. ಆ ಪೇರಲದ ಮೇಲೆ ಎರಡು ಹಲ್ಲಿನ ಗುರುತು ಬಹಳ ದಿನ ಇತ್ತು. ಅವ್ವ ಅದನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದಳು, ನೆಂಟರ ಮಾನ ಉಳಿಯಲೆಂದು.

ಆ ಬುಟ್ಟಿ ಮಾಡಿದವನು ಮಾರುತೆಪ್ಪ. ಪದ್ಮಾಳನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಅವನಿಗೆ ತನ್ನ ಕೈಯ ಬಗ್ಗೆ ಬಹಳ ಅಭಿಮಾನ. ಮೋಟಾರಿನ ಸುದ್ದಿ ಕೇಳಿದೊಡನೆ ಉಳಿ ಕೆಳಗಿಟ್ಟ.

"ಆ ಮೋಟಾರ ನಾನೂ ನೋಡೇನ್ರಿ, ಫಾಲ್ಸನ್ಯಾಗ. ಕಪ್ಪಿಯ ಕಣ್ಣಿನಂಗ ದೀಪ ಅಲ್ಲೇನವಾ?"

"ಹೂಂನ್ರಿ" ಎಂದಳು ಪದ್ಮಾ. "ಬಾಜೂಕ ಒಂದು ಕಬ್ಬಿಣದ ಹಿಡಿ ಹೊರಗಿತ್ತು."

"ಇತ್ತು. ಎಲ್ಲಾ ಮಾಡತೇನಿ. ಅದರ ಮಾಲಕ ಬಂದ್ರೂ ತನ್ನದ ಅಂತ ಹತ್ತಬೇಕು, ಹಂಗ ಮಾಡತೇನಿ. ಆದ್ರ ಮಾಸ್ತರ್ರ, ಮ್ಯಾಲಿಂದು ನಂದು, ಕೆಳಗಿಂದು ನಿಮ್ಮದು. ಗಾಲಿ, ಅಚ್ಚು, ಕಮಾನು ನನಗ ಕೇಳಬ್ಯಾಡ್ರಿ."

ಹೊರಗಿನ ಆ ಹಿಡಿಯನ್ನು ಕೈಪಂಪಿನಂತೆ ಹಿಂದೆ ಮುಂದೆ ಆಡಿಸಿದರೆ ಹಿಂದಿನ ಗಾಲಿ ತಿರುಗುವಂತೆ, ಬಿಗಿ ಹಿಡಿದರೆ ನಿಲ್ಲುವಂತೆ ಮಾಡಿಕೊಡುತ್ತೇನೆಂದು ಸೈಕಲ್ ಅಂಗಡಿಯವನು ಒಪ್ಪಿದ. ಎಡಗೈಯಲ್ಲಿ ಚಕ್ರ ಹಿಡಿದು ಗಾಡಿ ತಿರುಗಿಸಬೇಕು, ಬಲಗೈಯಲ್ಲಿ ಹಿಡಿ ಆಡಿಸಬೇಕು. ಪದ್ಮಾಳ ಕೈಗಳಲ್ಲಿ ಬಲಕ್ಕೆ ಕೊರತೆಯಿರಲಿಲ್ಲ. ಕಾಲಿನ ಕೆಲಸವನ್ನೂ ಅವೇ ಮಾಡುತ್ತಿದ್ದವಲ್ಲ. ಉಳಿದದ್ದು ಕೆಳಗಿನ ಚೌಕಟ್ಟು. ಸೈಕಲ್ಲಿನವನು ತನ್ನ ಅಂಗಡಿಯಲ್ಲೇ ಕಬ್ಬಿಣದ ಸರಳಿನದೊಂದು ತೋರಿಸಿದ. ಗಿಡ್ಡ, ಗಟ್ಟಿ, ಕಮಾನುಗಳಿಲ್ಲ. ಅದನ್ನು ನೋಡಿದೊಡನೆ ನನಗೆ ಡಾಕ್ಟರರ ಮಾತು ನೆನಪಾಯಿತು. ಮಿರಜಿನಲ್ಲಿ ಅವಳನ್ನು ತೋರಿಸಿದಾಗ ಅವರು "ಬೆನ್ನು ಕುಲುಕದಂಗ ನೋಡ್ಕೋರಿ" ಎಂದಿದ್ದರು. ಆ ಒಂದು ಮಾತು ನನ್ನನ್ನು ಎಷ್ಟು ಕಾಡಿತೆಂದರೆ, ಊರಿನ ದಾರಿಯ ಪ್ರತಿಯೊಂದು ಕಲ್ಲನ್ನೂ ನಾನು ಅವಳ ಬೆನ್ನಿನಿಂದಲೇ ನೋಡತೊಡಗಿದ್ದೆ.

ಆಗ ಹುಕ್ಕೇರಿಯ ಭರಮಪ್ಪ ಮಾಮಾ ತನ್ನಲ್ಲೊಂದು ಗಾಡಿಯಿದೆ, ಬಂದು ನೋಡು ಎಂದು ಹೇಳಿಕಳಿಸಿದ. ಅವ್ವನ ತಮ್ಮ. ಯಾವುದೋ ಬಂಗಲೆಯ ಸಾಮಾನು ಮಾರಾಟಕ್ಕೆ ಬಂದಾಗ ದೊರೆಗಳ ಮಕ್ಕಳನ್ನು ತಿರುಗಾಡಿಸುವ ದೊಡ್ಡ ಬಾಬಾಗಾಡಿಯೊಂದನ್ನು ತಂದು ಹಾಕಿಕೊಂಡಿದ್ದ. ಮನೆಯಲ್ಲಿ ಕೂಸಿಲ್ಲದ ಕಾರಣ ಅದರಲ್ಲಿ ಮೆಣಸಿನಕಾಯಿ ತುಂಬಿ ಬಿಸಿಲಿಗೆ ತಳ್ಳುತ್ತಿದ್ದ, ಸಂಜೆ ಒಳಗೆ ತಳ್ಳುತ್ತಿದ್ದ. ಅದರ ಕಮಾನುಗಳು ನನ್ನ ಕಣ್ಣಿಗೆ ಬಿದ್ದವು. ಉದ್ದಕ್ಕೆ ಬಾಗಿದ ತೆಳುವಾದ ಪಟ್ಟಿಗಳು, ಮುಟ್ಟಿದರೆ ತೂಗುತ್ತವೆ. ನನಗೆ ನಂಬಿಕೆ ಬರಲೆಂದು ಮಾಮಾ ಧೋತರ ಎತ್ತಿಕೊಂಡು ತಾನೇ ಅದರಲ್ಲಿ ಕೂತ.

"ತಳ್ಳೋ ಅಳಿಯಾ! ತೊಟ್ಟಲದಾಗ ಕುಂತಂಗ ಆಗತೈತಿ!"

ತಳ್ಳಿದೆ. ಮಾಮಿ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಮಾಮಾ ಇಳಿದ ಮೇಲೆ ಒಂದು ವಾರ ಸೀನಿದನಂತೆ, ಮೆಣಸಿನಕಾಯಿಯ ಘಾಟಿಗೆ.

ನಾನು ಅಷ್ಟಕ್ಕೇ ಒಪ್ಪುವವನೇ? ತಂಬಿಗೆಯಲ್ಲಿ ಕಂಠದವರೆಗೆ ನೀರು ತುಂಬಿ ಬಾಬಾಗಾಡಿಯಲ್ಲಿಟ್ಟು ಹುಕ್ಕೇರಿಯ ಓಣಿಯಲ್ಲಿ ಎಳೆದೆ. ಆಮೇಲೆ ಗೋಕಾಕಕ್ಕೆ ಬಂದು ಸೈಕಲ್ಲಿನವನ ಚೌಕಟ್ಟಿನ ಮೇಲೆ ಅದೇ ತಂಬಿಗೆ ಇಟ್ಟು ಎಳೆದೆ. ಇಲ್ಲಿ ಅರ್ಧ ಚೆಲ್ಲಿತು, ಅಲ್ಲಿ ತುಳುಕಲೇ ಇಲ್ಲ. ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು? ಬಾಬಾಗಾಡಿಯ ಮೇಲಿನ ತೊಟ್ಟಿಲು ಬಿಚ್ಚಿಸಿ, ಸೈಕಲ್ಲಿನವನಿಂದ ಅಡ್ಡಪಟ್ಟಿ, ಹಿಡಿ ಹಾಕಿಸಿ, ಕೆಳಗಿನದನ್ನು ಮಾರುತೆಪ್ಪನ ಮನೆಗೆ ಮುಟ್ಟಿಸಿದೆ. ನೀರು ತಾನಾಗಿ ಗಾಡಿ ಹತ್ತುವುದಿಲ್ಲ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಸಾಲಿ ಶುರುವಾಗುವುದಕ್ಕೆ ಎರಡು ದಿನ ಮೊದಲು, ಸಂಜೆಯ ಮುಂದೆ ಎತ್ತಿನ ಗಾಡಿಯ ಮೇಲೆ ಮೋಟಾರು ಬಂತು. ಅದರ ಮೇಲೆ ಧೋತರ ಮುಚ್ಚಿತ್ತು. ಜೊತೆಗೆ ಮಾರುತೆಪ್ಪ, ಅವನ ಹಿಂದೆ ಓಣಿಯ ಮಂದಿಯೆಲ್ಲ. ಹುಕ್ಕೇರಿಯಿಂದ ಮಾಮಾನೂ ಬಂದಿದ್ದ. ಧೋತರ ಎಳೆದಾಗ ಯಾರೋ "ಅರೇ!" ಎಂದರು. ಕೆಂಪು ಬಣ್ಣ ಹೊಳೆಯುತ್ತಿತ್ತು. ಕಪ್ಪೆಗಣ್ಣಿನ ದೀಪ, ಉದ್ದ ಮೂಗು, ಮೂಗಿನ ತುದಿಗೆ ಬೆಳ್ಳಿ ಬಣ್ಣದ ಜಾಳಿಗೆ. ಬಾಗಿಲಿಗೆ ಹಿತ್ತಾಳೆಯಂತೆ ಕಾಣುವ ಹಿಡಿಕೆ.

ಪದ್ಮಾ ಕಟ್ಟೆಯ ಮೇಲೆ ಕೂತು ಮೊದಲು ಕೆಳಗೆ ನೋಡಿದಳು.

"ಅಣ್ಣಾ, ಇದು ಮಾಮಾನ ಮೆಣಸಿನಕಾಯಿ ಗಾಡಿ ಅಲ್ಲಾ?"

ನಾನು ಗಾಲಿಯ ಮಣ್ಣು ಒರೆಸತೊಡಗಿದೆ.

"ಮ್ಯಾಲ ಮೋಟಾರ, ಕೆಳಗ ಬಾಬಾಗಾಡಿ!" ಎಂದು ಮಾಮಾನೇ ಘೋಷಿಸಿದ. ಮಂದಿ ನಕ್ಕಿತು. ಪದ್ಮಾಳೂ ನಕ್ಕಿರಬೇಕು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನಗಲಿಲ್ಲ ಎಂದು ಅವಳು ಹೇಳುತ್ತಾಳೆ.

ಕೋಲೂರಿ ಬಂದು ಬಾಗಿಲ ಹಿಡಿಕೆಗೆ ಕೈ ಹಾಕಿದಳು. ಜಗ್ಗಿದಳು. ಹಿಡಿಕೆ ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದಳು.

"ಹಿಡಿಕಿ ಜಗ್ಗಬ್ಯಾಡವಾ, ಬಣ್ಣ ಹೋಗತೈತಿ" ಎಂದ ಮಾರುತೆಪ್ಪ.

"ಬಾಗಲಾ ತೆರೆಯೂದು ಹೆಂಗ್ರಿ?" ಎಂದೆ ನಾನು.

"ತೆರೆಯೂದಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅದು ತೆರೆಯೂದಿಲ್ರಿ. ಗೆರಿ ನೋಡ್ರಿ, ಎಷ್ಟು ಸೂಕ್ಷ್ಮ ಎಳದೇನಿ. ಬ್ಯಾರೆ ಯಾರ್ನಾರ ಕೇಳ್ರಿ, ಬಾಗಲಾ ಅಲ್ಲಂತ ಹೇಳ್ತಾರೇನು?"

ಹೇಳುವಂತಿರಲಿಲ್ಲ. ಅವನ ಮನೆತನದವರು ತಲೆತಲಾಂತರದಿಂದ ಕಚ್ಚಲು ಬಾರದ ಹಣ್ಣು, ಹಾರಲಾರದ ಗಿಳಿ ಮಾಡುತ್ತ ಬಂದವರು. ಕಣ್ಣಿಗೆ ಖರೆ ಕಂಡರೆ ಅವರ ಕೆಲಸ ಮುಗಿಯಿತು. ಬಾಗಿಲು ತೆರೆಯಬೇಕೆಂದು ನಾನೂ ಹೇಳಿರಲಿಲ್ಲ. ಬಾಗಿಲು ಎಂದ ಮೇಲೆ ತೆರೆಯುತ್ತದೆ ಎಂದು ನಾನು ತಿಳಿದಿದ್ದೆ. ಬಾಗಿಲು ಎಂದ ಮೇಲೆ ಕಾಣಬೇಕು ಎಂದು ಅವನು.

"ಗರಗಸ ತಂದು ಕೊಯ್ಯರಿ ಹಂಗಾರ" ಎಂದೆ.

"ಎಲ್ಲೆರ ಉಂಟೇನ್ರಿ? ಒಮ್ಮೆ ಕೊಯ್ದ್ರ ಅರಿವಿ ಬಿಡತೈತಿ, ಮಣ್ಣು ಬಿರಿತೈತಿ, ಒಂದ ಮಳಿಗೆ ಎಲ್ಲಾ ಉದುರತೈತಿ. ನಾ ಮಾಡಿದ್ದು ಮೋಟಾರ್ರಿ, ಕಪಾಟಲ್ಲ."

"ಬಾಗಲಾ ಬ್ಯಾಡ" ಎಂದಳು ಪದ್ಮಾ. "ಆವತ್ತ ಫಾಲ್ಸನ್ಯಾಗ ಆ ಮನಶಾನೂ ಬಾಗಲಾ ತೆರೀಲಿಲ್ಲ. ಅಂಚ ಹಿಡದು ಹಂಗ ಒಳಗ ಜಿಗದಾ. ನೀ ನೀರ ನೋಡಾಕತ್ತಿದ್ದಿ."

ಹೇಳಿದವಳೇ ಕೋಲನ್ನು ಒಳಗೆ ಹಾಕಿ, ಎರಡೂ ಕೈಯಿಂದ ಅಂಚು ಹಿಡಿದು ಮೈ ಎತ್ತಿದಳು. ನನ್ನ ಮೆತ್ತಗಿನ ಕಮಾನುಗಳು ಅವಳ ಕಡೆ ಬಾಗಿದವು. ದೋಣಿಯ ಹಾಗೆ ಇಡೀ ಮೋಟಾರು ಅವಳ ಮೇಲೆ ವಾಲಿತು, ಆಚೆ ಕಡೆಯ ಗಾಲಿಗಳು ನೆಲ ಬಿಟ್ಟವು. ನಾನು ಹಾರಿ ಹಿಡಿದೆ. ಅವ್ವ ಚೀರಿದಳು. ಪದ್ಮಾ ನೆಲಕ್ಕೆ ಕೂತಿದ್ದಳು. ಮೈಗೆ ಏನೂ ಆಗಿರಲಿಲ್ಲ. ಮುಖ ಮಾತ್ರ ನೋಡುವಂತಿರಲಿಲ್ಲ.

"ಎತ್ತಿ ಕುಂದರಸಿದ್ರ ಆತಲ್ಲ, ದಿನಾ ಯಾರರೆ ಒಬ್ರು" ಎಂದರು ನೆರೆದವರಲ್ಲಿ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ.

ಮಾಮಾ ಬಗ್ಗಿ ನೋಡಿ, "ಕಮಾನಿನಾಗ ನಾಕು ಕಟಿಗಿ ತುಂಡು ಬಡದುಬಿಡೂಣು, ಅಲಗಾಡೂದಿಲ್ಲ" ಎಂದ.

"ಮತ್ತ ಬೆನ್ನು?" ಎಂದೆ.

ಅಲ್ಲಿಗೆ ನಾವು ಸಿಕ್ಕಿಬಿದ್ದೆವು. ಕಮಾನು ಮೆತ್ತಗಿದ್ದರೆ ಅವಳು ಹತ್ತಲಾರಳು. ಬಿಗಿ ಮಾಡಿದರೆ ಇಳಕಲಿನ ಕಲ್ಲುಗಳ ಮೇಲೆ ದಿನಕ್ಕೆ ಎರಡು ಸಲ ಬೆನ್ನು ಕುಲುಕುತ್ತದೆ. ಬಿ.ಎ. ಓದಿದವನು ನಿರ್ಧಾರ ಹೇಳುತ್ತಾನೆಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಆ ಕಡೆ ಈ ಕಡೆ ತಿರುಗಾಡಿದೆ. ಒಮ್ಮೆ ಬಿಗಿ ಎಂದೆ, ಒಮ್ಮೆ ಬೇಡ ಎಂದೆ. ಸಾಲಿಯೇ ಬೇಡವೇನೋ ಎಂದೂ ಅನಿಸಿತು. ಬಾಯಿ ಬಿಟ್ಟು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿರದಿದ್ದರೆ ಒಳ್ಳೆಯದು. ಅಷ್ಟರಲ್ಲಿ ಅವ್ವ, "ಹೊತ್ತು ಮುಣಗಾಕ ಬಂತು, ಮೊದಲ ಉಣ್ಣಬರ್ರಿ ಎಲ್ಲಾರೂ" ಎಂದಳು. ನಮ್ಮದು ಜೈನರ ಮನೆ, ಕತ್ತಲಾದ ಮೇಲೆ ಊಟವಿಲ್ಲ. ಯಾವ ಚಿಂತೆಗೂ ಆ ನಿಯಮದಿಂದ ವಿನಾಯಿತಿಯಿರಲಿಲ್ಲ. ರೊಟ್ಟಿಯನ್ನು ನಾವೆಲ್ಲ ಸೂರ್ಯನ ಜೊತೆ ಪಂದ್ಯ ಕಟ್ಟಿದವರಂತೆ ನುಂಗಿದೆವು.

ಪದ್ಮಾ ಉಣ್ಣಲು ಬಂದಿರಲಿಲ್ಲ. ಕೈ ತೊಳೆದು ಹೊರಗೆ ಬಂದಾಗ ಅವಳು ಮೋಟಾರಿನ ಪಕ್ಕ ನೆಲದ ಮೇಲೇ ಕೂತು ಕೆಳಗೆ ಕೈ ಹಾಕಿದ್ದಳು. ತನ್ನ ಕೋಲನ್ನು ನೆಟ್ಟಗೆ ನಿಲ್ಲಿಸಿ, ಒಂದು ತುದಿ ನೆಲಕ್ಕೆ, ಇನ್ನೊಂದು ತುದಿ ಮೋಟಾರಿನ ತಳದ ಅಡ್ಡಪಟ್ಟಿಗೆ ಆನಿಕೆಯಾಗಿ ಕೊಡುತ್ತಿದ್ದಳು. ಕೋಲು ಉದ್ದವಾಗಿ ಓರೆಯಾಗುತ್ತಿತ್ತು.

"ಅಣ್ಣಾ, ಇದನ್ನ ಇಷ್ಟಕ್ಕ ಕೊಯ್ದು ಕೊಡು."

"ಕೋಲು ಗಿಡ್ಡ ಆದ್ರ ನಡಿಯೂದು ಹೆಂಗ?"

"ಬ್ಯಾರೆ ಕೋಲು ತಾ. ಇದು ಗಾಡಿದು. ಹತ್ತೂ ಮುಂದ ಇದನ್ನ ಕೆಳಗ ಕೊಡತೇನಿ, ನನ್ನ ಕಡೆ ವಾಲೂದಿಲ್ಲ. ಹತ್ತಿ ಕುಂತ ಮ್ಯಾಲ ಕೈ ಚಾಚಿ ತಕ್ಕೋತೇನಿ. ಆಮ್ಯಾಲ ನಿನ್ನ ಕಮಾನು ಎಷ್ಟರ ಕುಣೀಲಿ."

ಮಾರನೆಯ ದಿನವೆಲ್ಲ ಅದೇ ಅಭ್ಯಾಸ. ಗಿಡ್ಡ ಕೋಲು ಕೊಡುವುದು, ಅಂಚು ಹಿಡಿದು ಏರುವುದು, ಕೂತು ಕೋಲು ತೆಗೆಯುವುದು, ಮತ್ತೆ ಅದೇ ಕೋಲು ಕೊಟ್ಟು ಇಳಿಯುವುದು. ಸಾಲಿಯಲ್ಲೂ ಅದಿಲ್ಲದೆ ಅವಳು ಇಳಿಯುವಂತಿರಲಿಲ್ಲ. ಪ್ರತಿ ಸಲವೂ ನಾನು ಆಚೆ ಅಂಚನ್ನು ಹಿಡಿದೇ ಇದ್ದೆ. "ಬಿಡು" ಎನ್ನುತ್ತಿದ್ದಳು. "ಬಿಟ್ಟೇನಿ" ಎನ್ನುತ್ತಿದ್ದೆ. ಬೆರಳು ಬಿಡುತ್ತಿರಲಿಲ್ಲ. ಆ ಅಂಚಿನ ಕೆಂಪು ಬಣ್ಣ ನನ್ನ ಬೆವರಿಗೆ ಸ್ವಲ್ಪ ಮಂಕಾಯಿತು. ಮಾರುತೆಪ್ಪ ನೋಡಿದ್ದರೆ ಸುಮ್ಮನಿರುತ್ತಿರಲಿಲ್ಲ.

ಸಾಲಿಯ ದಿನ ಬೆಳಗಿನ ಬಸ್ಸನ್ನು ಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತಿದ್ದಳು, ಬಾಯಿಗೆ ಸೆರಗು. ಪದ್ಮಾ ಉದ್ದ ಕೋಲನ್ನೂ ಪಾಟಿಚೀಲವನ್ನೂ ಒಳಗಿಟ್ಟಳು. ನನ್ನ ಕಡೆ ನೋಡಿ, "ಕೈ ಹಿಂದ ಕಟ್ಟಿಕೊಂಡು ನಿಂದರು" ಎಂದಳು. ನಾನು ನನ್ನ ಮಕ್ಕಳಿಗೆ ಹೇಳುವ ಮಾತು ಅದು, ಸಾಲಿಯಲ್ಲಿ. ಕಟ್ಟಿಕೊಂಡು ನಿಂತೆ. ಗಿಡ್ಡ ಕೋಲನ್ನು ಕೆಳಗೆ ಕೊಟ್ಟಳು. ಅಂಚು ಹಿಡಿದಳು. ಮೋಟಾರು ಅವಳ ಕಡೆ ತುಸು ಬಾಗಿತು, ಕೋಲಿಗೆ ತಗಲಿ ನಿಂತಿತು. ಮೈ ಎತ್ತಿದಳು, ಅಂಚಿನ ಮೇಲೆ ಹೊಟ್ಟೆ ಊರಿದಳು, ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎಳೆದುಕೊಂಡು ಒಳಗೆ ಇಳಿದಳು. ಕೂತಳು.

ಆಮೇಲೆ ಕೋಲಿಗೆ ಕೈ ಚಾಚಿದಳು. ಅದು ಬರಲಿಲ್ಲ. ಆಚೆ ಅಂಚನ್ನು ಒತ್ತಿ ಹಿಡಿಯುವ ನನ್ನ ಕೈ ಈ ಸಲ ಇರಲಿಲ್ಲ; ಅವಳ ಭಾರಕ್ಕೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಜಗ್ಗಿದಳು. ನನ್ನ ಕೈ ತಾನಾಗಿ ಬಿಚ್ಚಿತು.

"ಬರಬ್ಯಾಡ!" ಎಂದಳು. ಬಲಗಡೆಯ ಹಿಡಿಯನ್ನು ಒಮ್ಮೆ ಜೋರಾಗಿ ಮುಂದಕ್ಕೆ ನೂಕಿದಳು. ಗಾಲಿ ತಿರುಗಿತು, ಕೋಲು ಕಳಚಿ ನೆಲಕ್ಕೆ ಬಿತ್ತು, ಮೋಟಾರು ಹೊರಟಿತು.

ನಮ್ಮ ಓಣಿಯ ಬಾಯಿಂದಲೇ ಇಳಕಲು. ಕೋಲು ಧೂಳಿನಲ್ಲಿ ಬಿದ್ದಿತ್ತು. ಸಾಲಿ ಮುಟ್ಟಿದ ಮೇಲೆ ಅದಿಲ್ಲದೆ ಅವಳು ಇಳಿಯುವುದು ಹೇಗೆ? ಯಾರಾದರೂ ಎತ್ತಿ ಇಳಿಸಬೇಕು, ಹೊಸ ಸಾಲಿಯ ಮೊದಲ ದಿನ, ಎಲ್ಲ ಹುಡುಗಿಯರ ಮುಂದೆ. ಕೋಲನ್ನು ಎತ್ತಿಕೊಂಡು ಓಡಿದೆ. "ನಿಲ್ಲಸ, ಪದ್ದೀ, ನಿಲ್ಲಸ!" ಎಂದು ಕೂಗಿದೆ. ಕಲ್ಲುಗಳ ಮೇಲೆ ಮೋಟಾರು ಮೆಲ್ಲಗೆ ತೂಗಾಡುತ್ತ ಇಳಿಯುತ್ತಿತ್ತು. ಅವಳ ಬೆನ್ನು ನೆಟ್ಟಗಿತ್ತು. ಬಾವಿಯ ಕಟ್ಟೆಯ ಹುಡುಗಿಯರು ಕೊಡ ಇಳಿಸಿ ನೋಡುತ್ತಿದ್ದರು. ನಕ್ಕರೋ ಇಲ್ಲವೋ ನಾನು ನೋಡಲಿಲ್ಲ.

ಅವಳು ನಿಲ್ಲಿಸಲಿಲ್ಲ. ಹಿಂತಿರುಗಿಯೂ ನೋಡಲಿಲ್ಲ. ಇಳಕಲಿನಲ್ಲಿ ಹಿಡಿ ಆಡಿಸುವ ಕೆಲಸವಿರಲಿಲ್ಲ. ಆ ಬಲಗೈಯನ್ನು ಹೊರಗೆ, ಹಿಂದಕ್ಕೆ ಚಾಚಿ, ಅಂಗೈ ಬಿಚ್ಚಿ ಹಿಡಿದಳು.

ಏದುಸಿರು ಬಿಡುತ್ತ ಆ ಕೈಯಲ್ಲಿ ಕೋಲು ಇಟ್ಟೆ. ಬೆರಳುಗಳು ಮುಚ್ಚಿಕೊಂಡವು, ಕೋಲು ಒಳಗೆ ಹೋಯಿತು.

ಇಳಕಲಿನ ಕೊನೆಯವರೆಗೂ ನಾನು ಬೆನ್ನು ಹತ್ತಿ ಓಡಿ ಬಂದೆ ಎಂದು ಅವಳು ಹೇಳುತ್ತಾಳೆ. ಇಲ್ಲ. ನಾನು ಅಲ್ಲೇ ನಿಂತೆ.